ಹಡಗಿನ ತಾತನಿಗೊಂದು ಎಲೆ

ಮೊನ್ನೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ, ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡು ತೋರಿಸೋಣವೆಂದು ವ್ಯಾನಿಟಿ ಬ್ಯಾಗಿಗೆ ಕೈ ಹಾಕಿದೆ. ಬೆರಳೆಲ್ಲ ಕೆಂಪಾಗಿ ಹೊರಗೆ ಬಂತು. ಕಾರ್ಡಿನಲ್ಲಿದ್ದ ನನ್ನ ಫೋಟೋಕ್ಕೆ ಹಣೆ, ಮೂಗು, ಗಲ್ಲ ಅನ್ನದೆ ಕುಂಕುಮ ಬಳಿದುಕೊಂಡಿತ್ತು. "ಏನ್ ಮೇಡಂ, ಪೂಜೆ ಜೋರಾ?" ಅಂದ ಕಂಡಕ್ಟರು. ನಾನು ಹಲ್ಲು ಕಿರಿದೆ. ಆ ಬ್ಯಾಗನ್ನು ಸೋಪು ಹಾಕಿ, ನಿಂಬೆಹಣ್ಣು ತಿಕ್ಕಿ, ಬಿಸಿಲಿಗೆ ಒಣಗಿಸಿ ಎಲ್ಲ ಮಾಡಿದ್ದಾಗಿದೆ. ಒಳಗಿನ ಬಟ್ಟೆಯ ಹೊಲಿಗೆ ಸಂದಿಯಿಂದ ಇನ್ನೂ ಒಂದೊಂದು ಚಿಟಿಕೆ ಬರುತ್ತಲೇ ಇದೆ.

ಅದು ಚಿಕ್ಕಜ್ಜಿಗೆಂದು ತಂದ ಕುಂಕುಮ. ಕೊಡುವುದಕ್ಕೆ ಧೈರ್ಯವಿಲ್ಲದೆ ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗಿದ್ದರಿಂದ ಈ ಅವಸ್ಥೆ. ಧೈರ್ಯವೆಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ಮನೆಗೆ ಬೀಗ ಹಾಕಿ ಕಲ್ಪತರು ಸರ್ಕಲ್ ತನಕ ಬಂದವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ವಾಪಸ್ಸು ಹೋಗುವ ಜಾತಿ ನಾನು. ಬೆಳಗ್ಗೆ ಬೇಗ ಫೋನು ಬಂದರೆ ಎತ್ತುವ ಮೊದಲೇ ಯಾರು ಹೋದರು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ ಮುಗಿಸಿರುತ್ತೇನೆ. ತಲೆ ಸ್ವಲ್ಪ ನೊಂದರೂ ಮೊಬೈಲಿನಲ್ಲಿ ಹುಡುಕಿ, ಅಲ್ಲಿ ಬರೆದಿರುವ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದನ್ನೇ ಆರಿಸಿಕೊಂಡು ಅಳುತ್ತಾ ಕೂರುತ್ತೇನೆ. "ನಿನಗೆ ಭಯ ಪಡೋಕೆ ಏನೂ ಸಿಗದೇ ಹೋದರೆ ಅದಕ್ಕೂ ಭಯ ಪಡ್ತೀಯ" ಅನ್ನುತ್ತಾರೆ ನಮ್ಮ ಯಜಮಾನರು. ಅವರ ಮಾತನ್ನು ನಾನು ಒಪ್ಪುವ ವಿಷಯ ಇದೊಂದೇ.

ಚಿಕ್ಕಜ್ಜಿ ಅಂದರೆ ನಮ್ಮ ತಾತನ ತಮ್ಮನ ಹೆಂಡತಿ. ಪುಟ್ಟಮ್ಮ ಅಂತ ಹೆಸರು. ವಯಸ್ಸು ತೊಂಬತ್ತು ದಾಟಿ ಎಷ್ಟೋ ಆಯಿತು. ಗಾವಡಗೆರೆಯ ನಮ್ಮ ಮನೆಯಲ್ಲಿ, ನನ್ನ ತಮ್ಮ ಶಿವಣ್ಣ, ಅವನ ಹೆಂಡತಿ ಸುಜಾತಳ ಜೊತೆ ಇದ್ದಾಳೆ. ಇದ್ದಾಳೆ ಅನ್ನುವುದಕ್ಕಿಂತ ಅವರಿಬ್ಬರನ್ನೂ ಇಟ್ಟುಕೊಂಡಿದ್ದಾಳೆ ಅನ್ನಬೇಕು. ಎದ್ದ ಕೂಡಲೇ ಮುಖ ತೊಳೆದು, ಹಣೆಯ ಮೇಲೆ ನಾಲ್ಕಾಣೆ ಅಗಲ ಕುಂಕುಮ ಇಟ್ಟುಕೊಂಡು ಜಗಲಿಗೆ ಬಂದು ಕೂತಳೆಂದರೆ, ಹಾದುಹೋಗುವವರು ಯಾರೂ ಅವಳಿಗೆ ಹಾಜರಿ ಹಾಕದೆ ಮುಂದೆ ಹೋಗುವ ಹಾಗಿಲ್ಲ. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಮೊದಲು ಇವಳನ್ನು ಕರೆಯುತ್ತಾರೆ. ಇಷ್ಟು ವಯಸ್ಸಾದರೂ ತಾಳಿ, ಕಾಲುಂಗುರ ಉಳಿಸಿಕೊಂಡ ಮುತ್ತೈದೆ ಇನ್ನೊಬ್ಬರಿಲ್ಲ ನೋಡಿ. ಇವಳ ತಾಳಿ ಮುಟ್ಟಿ ಕಣ್ಣಿಗೊತ್ತಿಕೊಂಡ ಮದುವೆಹೆಣ್ಣುಗಳೇ ಈಗ ಅಜ್ಜಿಯರಾಗಿದ್ದಾರೆ. ಹುಣಸೂರಿನ ಗ್ರಂಥಿಗೆ ಅಂಗಡಿಯಿಂದ ಅವಳಿಗೆ ಕುಂಕುಮ ತಂದುಕೊಡುವುದು ನನ್ನ ಪಾಲಿನ ಕೆಲಸ. ಬೇರೆ ಅಂಗಡಿಯದು ತಂದರೆ "ಇದೇನವ್ವ, ಇಟ್ಟಿಗೆ ಪುಡಿ" ಅಂತ ವಾಪಸ್ಸು ಕೊಡುತ್ತಾಳೆ.

ಆದರೆ ಅವಳ ಗಂಡನನ್ನು ನೋಡಿದವರು ಯಾರೂ ಇಲ್ಲ. ನಾವು ಅವನನ್ನು ಹಡಗಿನ ತಾತ ಅನ್ನುತ್ತಿದ್ದೆವು. ಎರಡನೇ ಮಹಾಯುದ್ಧದ ಕಾಲದಲ್ಲಿ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲವಂತೆ, ಮೈಸೂರಿಗೆ ಹೋಗಿಬರುತ್ತೇನೆ ಅಂದವನು ಬರಲಿಲ್ಲ. ಹಡಗಿಗೆ ಸೇರಿಕೊಂಡ ಅಂತ ಯಾರೋ ಬಂದು ಹೇಳಿ ಹೋದರಂತೆ, ಅಷ್ಟೆ. ಆಮೇಲೆ ಸುದ್ದಿ ಬರಲೇ ಇಲ್ಲವೋ, ಬಂದು ದಾರಿಯಲ್ಲೆಲ್ಲೋ ತಪ್ಪಿಹೋಯಿತೋ ಗೊತ್ತಿಲ್ಲ. ಸತ್ತ ಅಂತ ಯಾರೂ ಹೇಳಲಿಲ್ಲವಾದ್ದರಿಂದ ಚಿಕ್ಕಜ್ಜಿಯ ಲೆಕ್ಕದಲ್ಲಿ ಅವನು ಬದುಕಿದ್ದ. ಇಷ್ಟು ವರ್ಷ ಕಾಣದವನಿಗೆ ಒಂದು ಕರ್ಮ ಅಂತ ಮಾಡಿ ಮುಗಿಸೋಣ ಅಂತ ಹಿರಿಯರೊಬ್ಬರು ಒಮ್ಮೆ ಹೇಳಿ ನೋಡಿದರಂತೆ. ಚಿಕ್ಕಜ್ಜಿ ಪೊರಕೆ ಹಿಡಿದು ಬೀದಿಯ ಕೊನೆಯ ತನಕ ಅವರನ್ನು ಬೀಳ್ಕೊಟ್ಟು ಬಂದಳಂತೆ.

ಗಂಡನ ಹೆಸರನ್ನು ಅವಳು ಹೇಳುವುದಿಲ್ಲ. ಆ ಕಾಲದ ಹೆಂಗಸರು ಯಾರೂ ಹೇಳುತ್ತಿರಲಿಲ್ಲ, ನಿಮ್ಮ ಮನೆಯಲ್ಲೂ ನೋಡಿರುತ್ತೀರಿ. ಹೆಸರು ಬಾಯಲ್ಲಿ ಬಂದರೆ ಗಂಡನ ಆಯಸ್ಸು ಸವೆಯುತ್ತದೆ ಅಂತ. ಮನೆ ಮನೆಗೆ ಬಂದು ಹೆಸರು ಬರೆದುಕೊಳ್ಳುವವರು "ಯಜಮಾನರ ಹೆಸರು ಏನಜ್ಜಿ?" ಅಂದರೆ ಸೆರಗು ಬಾಯಿಗಿಟ್ಟುಕೊಂಡು "ಬೆಟ್ಟದಪುರದ ಬೆಟ್ಟದ ಸ್ವಾಮಿ ಇಲ್ವಾ, ಅವ್ರೆಸ್ರೇ" ಅನ್ನುತ್ತಿದ್ದಳು. ಬರೆಯುವವನಿಗೆ ಇನ್ನೂ ಇಪ್ಪತ್ತು ಮನೆ ಸುತ್ತುವ ಅವಸರ. ಬೆಟ್ಟಸ್ವಾಮಿ ಅಂತ ಗೀಚಿಕೊಂಡು ಹೋದ. ಅದೇ ರೇಷನ್ ಕಾರ್ಡಿಗೂ ಬಂತು, ಓಟಿನ ಕಾರ್ಡಿಗೂ ಬಂತು. ಇವಳಿಗೆ ಓದು ಬರದು, ನಮಗೆ ಬೇರೆ ಗೊತ್ತಿಲ್ಲ. ಮನೆಮಂದಿಯೆಲ್ಲ ಅವನನ್ನು ಬೆಟ್ಟಸ್ವಾಮಿ ಮಾಡಿಕೊಂಡೆವು.

ಚಿಕ್ಕಂದಿನಲ್ಲಿ ನನಗೆ ಚಿಕ್ಕಜ್ಜಿಯೆಂದರೆ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ನೆನಪು. ಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ನಿನ ಒಲೆಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಸೌದೆ ನೂಕುತ್ತಿದ್ದಳು. ಬೆಂಕಿ ಒಂದು ಹದ ಹೆಚ್ಚಾದರೆ ಸೊಪ್ಪು ಕರಿ, ಕಡಿಮೆಯಾದರೆ ಹಸಿ. ಗಂಡಸರು ಗೋಡೆಗೆ ನೇತುಹಾಕಿದ ಥರ್ಮಾಮೀಟರು ನೋಡಿ ವಾದ ಮಾಡುತ್ತಿದ್ದರೆ, ಇವಳು ಅಂಗೈಯನ್ನು ಒಲೆಬಾಯಿಗೆ ಹಿಡಿದು "ಇನ್ನೊಂದು ತುಂಡು ಹಾಕ್ರಲಾ" ಅನ್ನುತ್ತಿದ್ದಳು. ಕೆಂಡದಲ್ಲಿ ನಮಗೆ ಗೆಣಸು ಸುಟ್ಟುಕೊಡುತ್ತಿದ್ದಳು. ಅವಳ ಸೀರೆಯ ಹೊಗೆ ವಾಸನೆಗೆ ಮೂಗಿಟ್ಟು ಮಲಗಿದರೆ ನನ್ನಂಥ ಪುಕ್ಕಲಿಗೂ ಭಯ ಇರುತ್ತಿರಲಿಲ್ಲ.

ಈ ಕಥೆಯೆಲ್ಲ ಶುರುವಾಗಿದ್ದು ಅವಳಿಂದಲೇ. ಈ ಬೇಸಿಗೆಯಲ್ಲಿ ಒಂದು ಭಾನುವಾರ ಹೋಗಿದ್ದಾಗ, ನಾನು ಮೊಬೈಲಿನಲ್ಲಿ ಮೊಣಕಾಲು ನೋವಿಗೆ ಮದ್ದು ಹುಡುಕುತ್ತಿದ್ದೆ.

"ಅದ್ರಲ್ಲಿ ಏನ್ ಕೇಳಿದ್ರೂ ಗೊತ್ತಾಯ್ತದಂತಲ್ಲ ಮೊಗ?"

"ಹೂಂ ಅಜ್ಜಿ, ಸುಮಾರೆಲ್ಲ ಗೊತ್ತಾಗುತ್ತೆ."

"ಅಂಗಾರೆ ನಿಮ್ ತಾತ ಎಲ್ಲವ್ರೆ ಅಂತ ವಸಿ ಕೇಳು ಮತ್ತೆ."

ನನಗೆ ನಗು ಬಂತು. ಸಮುದ್ರ ಎಷ್ಟು ದೊಡ್ಡದು, ಎಲ್ಲಿ ಅಂತ ಹುಡುಕೋದು ಅಂದೆ. "ಹನಗೋಡು ಕಟ್ಟೆಗಿಂತ ದೊಡ್ಡದಾ?" ಅಂದಳು. ಅವಳು ನೋಡಿದ ದೊಡ್ಡ ನೀರೆಂದರೆ ಅದೇ. ದೊಡ್ಡದು ಅಂದೆ. "ಆಗ್ಲಿ ಬುಡು, ನೀನು ಓದ್ದೋಳು" ಅಂತ ಹೇಳಿ ಎಲೆಅಡಿಕೆ ಕುಟ್ಟಲು ಕೂತಳು.

ನಾನು ಕೆಲಸ ಮಾಡುವುದು ಹುಣಸೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ. ಅಲ್ಲಿನ ಕಂಪ್ಯೂಟರಿನಲ್ಲಿ ಹುಡುಕುತ್ತಾ ಹೋದರೆ, ಯುದ್ಧದಲ್ಲಿ ಸತ್ತ ನಾವಿಕರ ಹೆಸರುಗಳನ್ನೆಲ್ಲ ಒಟ್ಟು ಹಾಕಿಟ್ಟಿರುವ ವೆಬ್‌ಸೈಟುಗಳು ಸಿಕ್ಕವು. ಯಾವ ದೇಶದವರೋ ತಮ್ಮ ಅಜ್ಜ, ಮುತ್ತಜ್ಜಂದಿರನ್ನು ಅಲ್ಲಿ ಹುಡುಕಿ ಪತ್ತೆಮಾಡುತ್ತಾರಂತೆ. ನಾನು ಬೆಟ್ಟಸ್ವಾಮಿಯನ್ನು ಎಷ್ಟು ಬಗೆಯ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಬರೆಯಬಹುದೋ ಅಷ್ಟು ಬಗೆಯಲ್ಲಿ ಹಾಕಿ ನೋಡಿದೆ. ಇಲ್ಲ. ನನಗಾದ ಖುಷಿ ಎಂಥದ್ದು ಅಂತೀರಿ! ಸತ್ತವರ ಪಟ್ಟಿಯಲ್ಲಿ ಇಲ್ಲ ಅಂದಮೇಲೆ ಹೇಳುವಂಥದ್ದೂ ಏನಿಲ್ಲ. ಕುಣಿಯುತ್ತಾ ಗಾವಡಗೆರೆಗೆ ಹೋದೆ. "ಬೆಟ್ಟಸ್ವಾಮಿ ಅನ್ನೋರು ಯಾರೂ ಸತ್ತಿಲ್ಲ ಅಜ್ಜಿ" ಅಂದೆ.

"ಅದ್ಯಾವ ಬೆಟ್ಟಸ್ವಾಮಿ?" ಅಂದಳು ಚಿಕ್ಕಜ್ಜಿ.

"ಮತ್ತೆ ತಾತನ ಹೆಸರು?"

"ಬೆಟ್ಟದ ಹೆಸ್ರಲ್ಲ ಕಣವ್ವ. ಬೆಟ್ಟದ ಮ್ಯಾಲೆ ಯಾರವ್ರೆ?"

"ಮಲ್ಲಿಕಾರ್ಜುನಸ್ವಾಮಿ."

"ಅಷ್ಟುದ್ದ ಕರ್ದು ಮುಗ್ಸೋವಷ್ಟರಲ್ಲಿ ಉಳೋ ವೊತ್ತು ಮುಗ್ದೋಯ್ತದೆ."

"ಮಲ್ಲೇಶ? ಮಲ್ಲಪ್ಪ? ಮಲ್ಲಯ್ಯ?"

ಕೊನೆಯದಕ್ಕೆ ಸೆರಗು ಬಾಯಿಗೆ ಬಂತು. ಮುಖ ಗೋಡೆಯ ಕಡೆ ತಿರುಗಿತು. ತೊಂಬತ್ತು ದಾಟಿದ ಹೆಂಗಸು ನಾಚಿಕೊಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗಂತೂ ಆ ನಾಚಿಕೆ ನೋಡಿ ನಗುವುದಕ್ಕೆ ಆಗಲಿಲ್ಲ. ಮತ್ತೆ ಹುಡುಕಬೇಕಲ್ಲಪ್ಪ ಅನ್ನುವುದೇ ತಲೆಯಲ್ಲಿತ್ತು.

ಒಂದು ವಾರ ಹುಡುಕಲಿಲ್ಲ. ಕಂಪ್ಯೂಟರು ಕೆಟ್ಟಿದೆ ಅಂದುಕೊಂಡೆ; ಅದು ಚೆನ್ನಾಗಿಯೇ ಇತ್ತು. ಒಂದು ದಿನ ಊಟದ ವೇಳೆ ಲೈಬ್ರರಿಯಲ್ಲಿ ಯಾರೂ ಇಲ್ಲದಾಗ ಮಲ್ಲಯ್ಯ ಅಂತ ಹಾಕಿದೆ. ಡಬ್ಬಿಯಲ್ಲಿದ್ದ ಚಿತ್ರಾನ್ನ ಎರಡು ತುತ್ತು ತಿಂದಿರಲಿಲ್ಲ, ಬಂದುಬಿಟ್ಟಿತು. ಮಲ್ಲಯ್ಯ. ಸ್ಟೋಕರ್. ನಿಂಗಯ್ಯನ ಮಗ. ಗಾವಡಗೆರೆಯ ಪುಟ್ಟಮ್ಮನ ಗಂಡ. ವಯಸ್ಸು ಹತ್ತೊಂಬತ್ತು. ಹಡಗು ಮುಳುಗಿ ಸಮುದ್ರದಲ್ಲೇ ಹೋದವರ ಸ್ಮಾರಕದಲ್ಲಿ ಹೆಸರಿದೆ ಅಂತ ಬರೆದಿತ್ತು. ನಿಂಗಯ್ಯ ನಮ್ಮ ಮುತ್ತಾತ. ಬೇರೆ ಯಾರೋ ಇರಬೇಕು ಅಂತ ನನಗೆ ನಾನು ಸುಳ್ಳು ಹೇಳಿಕೊಳ್ಳಲು ಒಂದು ಸಂದಿಯೂ ಇರಲಿಲ್ಲ. ಸ್ಟೋಕರ್ ಅಂದರೇನು ಅಂತ ನೋಡಿದೆ. ಹಡಗಿನ ತಳದಲ್ಲಿ ಕೂತು ಒಲೆಗೆ ಕಲ್ಲಿದ್ದಲು ನೂಕುವವನಂತೆ. ನನಗೆ ಬ್ಯಾರನ್ನಿನ ಮುಂದೆ ಕೂತ ಚಿಕ್ಕಜ್ಜಿಯ ಬೆನ್ನು ಕಣ್ಣೆದುರು ಬಂತು. ಡಬ್ಬಿ ಮುಚ್ಚಿಟ್ಟು ಪುಸ್ತಕದ ಬೀರುಗಳ ಹಿಂದೆ ಹೋಗಿ ಅತ್ತೆ.

ಶಿವಣ್ಣನಿಗೆ ಫೋನು ಮಾಡಿದೆ. "ಬುಡಕ್ಕ, ಯೋಳ್ಬೇಡ" ಅಂದ. "ಈ ವಯಸ್ಸಲ್ಲಿ ಕುಂಕುಮ ಅಳಿಸಿ, ಬಳೆ ಒಡೆದು... ಅಜ್ಜಿ ಉಳ್ದಾಳಾ? ಊರೋರ ಬಾಯಿ ಬೇರೆ." ಹೌದೆನ್ನಿಸಿತು. ಫೋನಿಟ್ಟ ಮೇಲೆ ಇನ್ನೊಂದು ಚಿಂತೆ ಹತ್ತಿತು. ನಮ್ಮಲ್ಲಿ ಪಿತೃಪಕ್ಷದ ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ ಎಡೆ ಇಡುತ್ತೇವೆ. ಅವರವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸುತ್ತೇವೆ. ತಾತನಿಗೆ ಕಜ್ಜಾಯದ ಜೊತೆ ಒಂದೆಸಳು ಹೊಗೆಸೊಪ್ಪು, ಅಪ್ಪನಿಗೆ ವಡೆಯ ಪಕ್ಕ ಬೀಡಿ. ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ, ಅವರು ಉಂಡು ಹೋಗಲಿ ಅಂತ ಎಲ್ಲರೂ ಹೊರಗೆ ಜಗಲಿಯಲ್ಲಿ ಕಾಯುತ್ತೇವೆ. ಹಡಗಿನ ತಾತನಿಗೆ ಮಾತ್ರ ಎಂದೂ ಎಲೆ ಹಾಕಿದ್ದಿಲ್ಲ. ಬದುಕಿರುವವನಿಗೆ ಹಾಕುವುದುಂಟೆ? ನಾನೇನು ಅಷ್ಟು ಭಕ್ತೆಯಲ್ಲ. ಆದರೂ ಎಲ್ಲರೂ ಒಳಗೆ ಉಣ್ಣುತ್ತಿರುವಾಗ ಅವನೊಬ್ಬ ಹತ್ತೊಂಬತ್ತರ ಹುಡುಗ ಹೊಸಿಲಾಚೆ ನಿಂತಿದ್ದಾನೆ ಅನ್ನಿಸಿಬಿಟ್ಟರೆ ತುತ್ತು ಒಳಗೆ ಇಳಿಯುತ್ತದೆಯೇ? ಹೇಳಿದರೆ ಅಜ್ಜಿ ಹೋಗುತ್ತಾಳೆ, ಹೇಳದಿದ್ದರೆ ಅವನು ಹೊರಗೇ ನಿಲ್ಲುತ್ತಾನೆ.

ಮೊದಮೊದಲು ಹೋದಾಗಲೆಲ್ಲ ಕೇಳುತ್ತಿದ್ದಳು. "ಸಿಕ್ತಾ ಮೊಗ?"

"ಇಲ್ಲಜ್ಜಿ, ನೆಟ್‌ವರ್ಕ್ ಸರಿಯಿಲ್ಲ."

"ಅದ್ಯಾವನವ್ವ ಅವನು, ಯಾವಾಗ್ಲೂ ಸರಿಯಿರಲ್ಲ" ಅಂತ ನೆಟ್‌ವರ್ಕನ್ನು ಬಯ್ಯುತ್ತಿದ್ದಳು. ಆ ಕಣ್ಣುಗಳನ್ನು ನೋಡಿ ಸುಳ್ಳು ಹೇಳುವುದು ಕಷ್ಟವಾಗಿ, ಹೋಗುವುದನ್ನೇ ಬಿಟ್ಟೆ. ಭಾನುವಾರ ಬಂದರೆ ಮೈ ಹುಷಾರಿಲ್ಲ, ಕಾಲೇಜಿನಲ್ಲಿ ಇನ್ಸ್‌ಪೆಕ್ಷನ್, ಬಸ್ಸು ಸಿಗಲಿಲ್ಲ. ಅಂಗಡಿಯ ಮುಂದೆ ಹೋದಾಗ ಅಭ್ಯಾಸಬಲದಿಂದ ಕುಂಕುಮ ಕಟ್ಟಿಸಿಕೊಂಡುಬಿಟ್ಟೆ. ಪೊಟ್ಟಣ ಮನೆಗೆ ತಂದ ಮೇಲೆ ಎಚ್ಚರವಾಯಿತು. ಇದನ್ನು ಯಾವ ಮುಖ ಇಟ್ಟುಕೊಂಡು ಕೊಡಲಿ? ಬ್ಯಾಗಿನ ತಳಕ್ಕೆ ತುರುಕಿದೆ.

ಅಮಾವಾಸ್ಯೆ ಬಂದೇ ಬಂತು. ಅದಕ್ಕೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ, ಅವಳು ಕೇಳಿದರೆ ಏನು ಹೇಳುವುದು ಅಂತ ಉತ್ತರ ಕಟ್ಟಿಕೊಂಡು ಹೋದೆ. ಜಗಲಿಯಲ್ಲೇ ಕೂತಿದ್ದಳು. "ಬಂದಾ? ಒಳೀಕೋಗು, ಸುಜಾತ ಒಬ್ಳೇ ಒದ್ದಾಡ್ತಾವ್ಳೆ" ಅಂದಳು. ಸಿಕ್ತಾ ಅಂತ ಕೇಳಲಿಲ್ಲ. ಕೇಳದೇ ಹೋದದ್ದಕ್ಕೆ ನನಗೆ ಇನ್ನೂ ಭಯವಾಯಿತು.

ಮಧ್ಯಾಹ್ನದ ಹೊತ್ತಿಗೆ ಅಡುಗೆ ಮುಗಿಯಿತು. ಶಿವಣ್ಣ ನಡುಮನೆಯಲ್ಲಿ ಸಾರಿಸಿದ ಜಾಗದಲ್ಲಿ ಸಾಲಾಗಿ ಬಾಳೆಎಲೆ ಹಾಕುತ್ತಿದ್ದ. ಚಿಕ್ಕಜ್ಜಿ ಪಕ್ಷದ ದಿನ ಎಂದೂ ಅಲ್ಲಿಗೆ ಬರುವವಳಲ್ಲ. ಅವತ್ತು ಗೋಡೆ ಹಿಡಿದುಕೊಂಡು ಮೆಲ್ಲಗೆ ಬಂದಳು.

"ಇನ್ನೊಂದೆಲೆ ಹಾಕ್ಲಾ ಶಿವಣ್ಣ."

ಅವನ ಕೈ ಅಲ್ಲೇ ನಿಂತಿತು. ನನ್ನ ಕಡೆ ನೋಡಿದ. ನಾನು ಇಲ್ಲ ಇಲ್ಲ ಅಂತ ತಲೆಯಾಡಿಸಿದೆ.

"ಯಾರ್ ಯೋಳುದ್ರಜ್ಜಿ ನಿಂಗೆ?"

"ಇವ್ಳೇ" ಅಂತ ನನ್ನ ಕಡೆ ಗಲ್ಲ ಎತ್ತಿದಳು.

"ಅಯ್ಯೋ, ನಾನೆಲ್ಲಿ ಹೇಳಿದೆ!"

"ಸಿಗೋಗಂಟ ವಾರವಾರ ಬತ್ತಿದ್ದೆ. ಸಿಕ್ಕುದ್ಮೇಲೆ ಬರೋದೇ ಬುಟ್ಬುಟ್ಟೆ. ಹಣೆ ಕುಂಕುಮ ಮುಗ್ದು ತಿಂಗ್ಳಾಯ್ತು, ಸುಜಾತನ ಭರಣಿದು ಇಟ್ಕತಾವ್ನಿ. ತಂದ್ಯಾ ನೀನು? ಯೋಳೋದಿನ್ನೇನವ್ವ ಅದ್ರಲ್ಲಿ."

ನಾನು ಗೋಡೆಗೊರಗಿ ಕೂತುಬಿಟ್ಟೆ. ಕಣ್ಣೊರೆಸಿಕೊಳ್ಳಲು ಕರ್ಚೀಫು ತೆಗೆಯಹೋದರೆ ಬ್ಯಾಗಿನಿಂದ ಆ ಹಾಳು ಪೊಟ್ಟಣ ಅದರ ಜೊತೆಗೇ ಹೊರಬಂದು ನೆಲದ ಮೇಲೆಲ್ಲ ಚೆಲ್ಲಿತು. ಚಿಕ್ಕಜ್ಜಿ ನನ್ನ ಪಕ್ಕ ಕೂತು, ಅದನ್ನು ಅಂಗೈಯಲ್ಲಿ ಗುಡ್ಡೆಮಾಡಿ, ಆದಷ್ಟನ್ನು ಪೊಟ್ಟಣಕ್ಕೆ ತುಂಬಿ, ದೇವರಮನೆಯಲ್ಲಿಡು ಅಂತ ಸುಜಾತಳಿಗೆ ಕೊಟ್ಟಳು.

"ಎಲ್ಲಿ?" ಅಂದಳು.

"ಸಮುದ್ರದಲ್ಲಿ ಅಜ್ಜಿ. ಹಡಗು ಮುಳುಗಿ."

"ಯಾವಾಗ?"

"ಹೋದ ಮಾರನೇ ವರ್ಷವೇ."

"ನಿಮ್ಮಪ್ಪ ಆಗಿನ್ನೂ ತೊಟ್ಲ ಕೂಸು" ಅಂದಳು. ನಾನು ಅವಳ ಉಸಿರನ್ನೇ ನೋಡುತ್ತಿದ್ದೆ. ಶಿವಣ್ಣ ಎದ್ದು ನೀರು ತಂದು ಹತ್ತಿರ ಇಟ್ಟುಕೊಂಡಿದ್ದ. ಎದೆ ಹಿಡಿದುಕೊಳ್ಳುತ್ತಾಳೆ, ಬಳೆ ನೆಲಕ್ಕೆ ಕುಟ್ಟುತ್ತಾಳೆ ಅಂತ ಇಬ್ಬರೂ ಕಾದೆವು. ಅವಳ ಕಣ್ಣಿಂದ ನೀರೇನೋ ಬಂತು. ಆದರೆ ಬಂದ ಮಾತೇ ಬೇರೆ.

"ಅಯ್ಯೋ ಶಿವ್ನೆ, ಆ ಹೈದನ್ನ ಇಷ್ಟು ವರ್ಸ ಉಪಾಸ ಕೆಡವ್ಬುಟ್ನಲ್ಲಪ್ಪ! ಎಲ್ರಿಗೂ ಇಕ್ಕುದ್ರಿ, ಅವ್ನಿಗೊಂದೆಲೆ ಹಾಕಕೆ ನಾನೇ ಬುಡ್ಲಿಲ್ವಲ್ಲಾ!"

ಇಷ್ಟು ತಿಂಗಳು ನಾನು ಅವಳ ತಾಳಿ, ಬಳೆ, ಕುಂಕುಮದ ಚಿಂತೆಯಲ್ಲಿ ಬೆಂದಿದ್ದೆ. ಅವಳಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಸುಜಾತ ಹೆದರುತ್ತಲೇ ಅವಳ ಹಣೆಯ ಕಡೆ ನೋಡಿದಾಗ, "ಇದು ಇವತ್ತು ಇಟ್ಕಂಡಿರೋದು ಇಟ್ಕಂಡಂಗೇ ಇರ್ಲಿ. ಅಳಿಸ್ತೀನಿ ಅಂತ ಯಾರೂ ಬರ್ಬೇಡಿ. ತಾನಾಗಿ ವೋಯ್ತದೆ" ಅಂದಳು. ಹಿರಿಯರನ್ನು ಓಡಿಸಿದ ಪೊರಕೆಯ ಗತ್ತು ಆ ದನಿಯಲ್ಲಿ ಇನ್ನೂ ಇತ್ತು.

ಎಲೆ ಹಾಕಿದ್ದಾಯಿತು. ತಾತನಿಗೆ ಏನಿಷ್ಟ ಅಜ್ಜಿ, ಏನು ಬಡಿಸೋಣ ಅಂತ ಸುಜಾತ ಕೇಳಿದಳು. ಚಿಕ್ಕಜ್ಜಿ ಪೇಚಾಡಿದಳು. "ಯಾರ್ಗೊತ್ತವ್ವ. ನಾನು ಬಡಿಸ್ತಾ ತಲೆ ಎತ್ತಿ ನೋಡಿದ್ರಲ್ವಾ?" ಅಂದವಳು, ತಡೆದು, "ಸೀಕಲು" ಅಂದಳು. ಮುದ್ದೆ ಮಾಡಿದ ಮಡಕೆಯ ತಳಕ್ಕೆ ಹತ್ತಿಕೊಳ್ಳುವ ಸೀಕಲನ್ನು ಕೆರೆದು, ಅತ್ತೆಗೆ ಕಾಣದ ಹಾಗೆ ಅವನಿಗೆ ಎತ್ತಿಡುತ್ತಿದ್ದಳಂತೆ. ನಮ್ಮ ಸುಜಾತ ತಳ ಹತ್ತಿಸುವವಳೇ ಅಲ್ಲ. ಅವತ್ತು ಒಲೆ ಹಚ್ಚಿ, ಇನ್ನೊಮ್ಮೆ ಮುದ್ದೆಗೆ ಎಸರಿಟ್ಟು, ಬೇಕೆಂದೇ ತಳ ಸೀಯಿಸಿದಳು. ಮನೆಯೆಲ್ಲ ಆ ವಾಸನೆ ತುಂಬಿತು.

ಸಾಂಬ್ರಾಣಿ ಹಾಕಿ, ದೀಪ ಹಚ್ಚಿ, ಶಿವಣ್ಣ ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದ. ಕೊನೆಯ ಎಲೆಯ ಮುಂದೆ ಬಂದು ನಿಂತ. ಇಷ್ಟು ಕಾಲ ಬೆಟ್ಟಸ್ವಾಮಿ ಅಂದುಕೊಂಡಿದ್ದ ನಾಲಿಗೆ ಅವನದು, ತಡವರಿಸಿ ನನ್ನ ಮುಖ ನೋಡಿದ. ನಾನು ಬಾಯಿ ತೆಗೆಯುವ ಮೊದಲು ಚಿಕ್ಕಜ್ಜಿಯ ಕಿವಿಯಲ್ಲಿ ಒಂದು ಮಾತು ಹೇಳಬೇಕೆನ್ನಿಸಿತು.

"ಅಜ್ಜಿ, ಅಲ್ಲಿ ನಿನ್ನ ಹೆಸರೂ ಇದೆ. ತಾತನೇ ಹೇಳಿ ಬರೆಸಿರಬೇಕು. ಪುಟ್ಟಮ್ಮನ ಗಂಡ ಅಂತ."

"ನನ್ನೆಸ್ರ ಯೋಳವ್ನಾ?"

"ಹೂಂ."

"ಅಷ್ಟು ಜನದ್ ಮುಂದೆ?"

"ಹೂಂ ಅಜ್ಜಿ."

ಬಾಯಿಗೆ ಬಂದ ಸೆರಗನ್ನು ಅವಳು ಕೆಳಗಿಳಿಸಿದಳು. ಶಿವಣ್ಣನಿಗೆ ಸಾಕು ಅಂತ ಕೈ ಮಾಡಿ, ನಮ್ಮನ್ನೆಲ್ಲ ಹೊಸಿಲು ದಾಟಿಸಿ ಹೊರಗೆ ಕಳಿಸಿದಳು. ಅವಳು ಬಾಗಿಲ ಚೌಕಟ್ಟು ಹಿಡಿದು, ಒಳಗಲ್ಲ, ಹೊರಗೆ ಬೀದಿಯ ಕಡೆ ತಿರುಗಿ ನಿಂತಳು. ಆಡಲು ಹೋದ ಮೊಮ್ಮಕ್ಕಳನ್ನು ಊಟಕ್ಕೆ ಕೂಗುವ ದನಿಯಲ್ಲಿ, ಜೀವನದಲ್ಲಿ ಮೊದಲನೇ ಸಲ ಕೂಗಿದಳು.

"ಮಲ್ಲಯ್ಯಾ... ಏ ಮಲ್ಲಯ್ಯಾ... ಉಣ್ಣಕ್ ಬಾರಪ್ಪ."

ಅವನು ಒಳಗೆ ಹೋಗುವಷ್ಟು ಹೊತ್ತು ದಾರಿ ಬಿಟ್ಟು ನಿಂತಿದ್ದು, ಆಮೇಲೆ ತಾನೇ ಬಾಗಿಲು ಮುಂದಕ್ಕೆಳೆದಳು.